ಯಾರಿಗೂ ಮುಟ್ಟಬಾರದ ಅಡ್ರೆಸ್

(ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದ ಗೆಳೆಯರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ತಪ್ಪಿನ ಕಥೆಯಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ.

ಕೆಲವು ವರ್ಷಗಳ ಹಿಂದೆ ನಮ್ಮ ಟೀಮು ಜರ್ಮನಿಯ ಒಂದು ಕಂಪನಿಗೆ ಆರ್ಡರ್ ತೆಗೆದುಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಗಿರಾಕಿ ಅಡ್ರೆಸ್ ತುಂಬುತ್ತಾನೆ, ಅದು ಲೇಬಲ್ ಆಗಿ ಪ್ರಿಂಟ್ ಆಗುತ್ತದೆ, ಲಕೋಟೆಯ ಮೇಲೆ ಅಂಟುತ್ತದೆ. ಟೆಸ್ಟ್ ಮಾಡಲು ನನಗೊಂದು ಜರ್ಮನ್ ಅಡ್ರೆಸ್ ಬೇಕಾಯಿತು. ಮ್ಯಾಪ್ ತೆರೆದೆ. ಕಣ್ಣಿಗೆ ಬಿದ್ದ ಒಂದು ಸಣ್ಣ ಊರು, ಅಲ್ಲೊಂದು ಬೀದಿ, ಒಂದು ಮನೆ ನಂಬರ್ ಹಿಡಿದೆ. ಹೆಸರು ಮಾತ್ರ ನಾನೇ ಕಟ್ಟಿದ್ದು. ಮೂರು ವಾರ ಅದೇ ಅಡ್ರೆಸ್ಸಿಗೆ ಆರ್ಡರ್ ಮೇಲೆ ಆರ್ಡರ್ ಹಾಕಿದೆ. ಟೆಸ್ಟ್ ಸರ್ವರ್ ಅಲ್ವಾ, ಯಾರಿಗೇನು ತೊಂದರೆ ಅಂದುಕೊಂಡೆ.

ಒಂದು ದಿನ ಯಾರೋ ಒಂದು ಸೆಟ್ಟಿಂಗ್ ಬದಲಿಸಿದರು. ಟೆಸ್ಟ್ ಸರ್ವರ್ ಹೋಗಿ ನಿಜವಾದ ಪ್ರಿಂಟಿಂಗ್ ವಿಭಾಗಕ್ಕೆ ಸೇರಿಕೊಂಡಿತು. ಸರತಿಯಲ್ಲಿ ಕೂತಿದ್ದ 41 ಲಕೋಟೆಗಳು ಆ ಮನೆಗೆ ಹೋದವು. ಬಾಗಿಲಲ್ಲಿದ್ದ ಹೆಸರು ಬೇರೆ. ಆದರೆ ಒಂದೇ ಸಂಸಾರ ಇರುವ ಮನೆ, ಸಣ್ಣ ಊರು. ಅಂಚೆಯವರು ಪೆಟ್ಟಿಗೆಗೆ ಹಾಕಿಯೇಬಿಟ್ಟರು. ಎಲ್ಲದರ ಒಳಗೂ ಒಂದೇ ಸಾಲು: ನಿಮ್ಮ ಆರ್ಡರ್‌ಗೆ ಧನ್ಯವಾದ.

ಹತ್ತು ದಿನಕ್ಕೆ ಆ ಮನೆಯವರಿಂದ ಕಂಪನಿಗೆ ಕಾಗದ ಬಂತು. ಇಸ್ತ್ರಿ ಹಾಕಿದಂಥ ಜರ್ಮನ್. ಈ ಹೆಸರಿನವರು ಇಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ, ದಯವಿಟ್ಟು ಅವರಿಗೆ ಧನ್ಯವಾದ ಹೇಳುವುದನ್ನು ನಿಲ್ಲಿಸಿ ಅಂತ. ಅದರ ಅನುವಾದ ನನ್ನ ಮೇಜಿಗೆ ಬಂದಾಗ ನಗು ಬಂದದ್ದು ಒಂದು ಕ್ಷಣ. ಆಮೇಲೆ ಬಂದದ್ದು ಮ್ಯಾನೇಜರ್.

ಆವತ್ತಿನಿಂದ ಈ ವಿಷಯ ನನ್ನ ತಲೆಗೆ ಹತ್ತಿಕೊಂಡಿದೆ. ಟೆಸ್ಟಿಗೆ ಬೇಕಾದ ಅಡ್ರೆಸ್ ನಿಜದ್ದರ ಹಾಗೆ ಇರಬೇಕು, ಆದರೆ ಯಾರಿಗೂ ಮುಟ್ಟಬಾರದು. ಹೇಳೋಕೆ ಸುಲಭ. ಮಾಡಲು ಕೂತರೆ ಜರ್ಮನಿಯ ಅರ್ಧ ಇತಿಹಾಸ, ಕಾಲುಭಾಗ ವ್ಯಾಕರಣ ಓದಬೇಕಾಗುತ್ತದೆ.

ಮೊದಲು ಒಂದು ಸಂಶಯ ಕಳೆದುಬಿಡೋಣ. ಕಂಪನಿಯ ಹತ್ತಿರ ನಿಜವಾದ ಗಿರಾಕಿಗಳ ಪಟ್ಟಿ ಇದ್ದೇ ಇರುತ್ತದಲ್ಲ, ಅದನ್ನೇ ಕಾಪಿ ಮಾಡಿ ಟೆಸ್ಟ್ ಮಾಡಬಹುದಲ್ಲ? ಕೂಡದು. 2018ರ ಮೇ 25ರಿಂದ ಯುರೋಪಿನಲ್ಲಿ ಜನರ ಖಾಸಗಿ ಮಾಹಿತಿ ಕಾಯುವ ಜಿಡಿಪಿಆರ್ ಕಾನೂನು ಜಾರಿಯಲ್ಲಿದೆ. ಸರಕು ಕಳಿಸಲು ಅಂತ ತೆಗೆದುಕೊಂಡ ಅಡ್ರೆಸ್ಸನ್ನು ಬೆಂಗಳೂರಿನಲ್ಲಿ ಕೂತ ನಾನು ಪ್ರೋಗ್ರಾಂ ಸರಿ ಇದೆಯಾ ಅಂತ ನೋಡಲು ಸುಮ್ನೆ ಎತ್ತಿಕೊಳ್ಳುವಂತಿಲ್ಲ. ದಂಡ 2 ಕೋಟಿ ಯೂರೋವರೆಗೆ, ಅಥವಾ ಕಂಪನಿಯ ಇಡೀ ಜಗತ್ತಿನ ವಹಿವಾಟಿನ 4 ಪರ್ಸೆಂಟ್‌ವರೆಗೆ, ಯಾವುದು ಜಾಸ್ತಿಯೋ ಅದು. ಜರ್ಮನ್ನರಿಗೆ ಇದು ಹೊಸ ಹುಚ್ಚೂ ಅಲ್ಲ. ಜಗತ್ತಿನ ಮೊದಲ ಡೇಟಾ ರಕ್ಷಣೆ ಕಾನೂನು ಬಂದದ್ದೇ ಅವರ ಹೆಸ್ಸೆನ್ ರಾಜ್ಯದಲ್ಲಿ, 1970ರಲ್ಲಿ. ಹಾಗಾಗಿ ಅಡ್ರೆಸ್ಸನ್ನು ಹುಟ್ಟಿಸಲೇಬೇಕು.

ಹುಟ್ಟಿಸಲು ಸಿದ್ಧ ಸಾಮಾನು ಇದೆ. ಫೇಕರ್ ಅನ್ನುವ ಲೈಬ್ರರಿ, ಅಂದರೆ ಸುಳ್ಳು ಡೇಟಾ ಹುಟ್ಟಿಸುವ ಸಿದ್ಧ ಕೋಡ್, ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತು. ಜರ್ಮನಿ ಅಂತ ಹೇಳಿದರೆ ಸಾಕು, ಸಾಲು ಸಾಲು ಅಡ್ರೆಸ್ ಉದುರಿಸುತ್ತದೆ. ನೋಡಲು ಚೆನ್ನಾಗಿರುತ್ತವೆ. ಒಬ್ಬ ಜರ್ಮನ್ ಸಹೋದ್ಯೋಗಿಗೆ ಅಂಥ ಇಪ್ಪತ್ತು ಅಡ್ರೆಸ್ ತೋರಿಸಿದೆ. ಎರಡನೆಯ ಸಾಲಿಗೇ ನಗಲು ಶುರು ಮಾಡಿದರು. ಊರು ಬವೇರಿಯಾದ್ದು, ಪಿನ್ ಕೋಡ್ ಹ್ಯಾಂಬರ್ಗ್ ಕಡೆಯದ್ದು. ಬೆಳಗಾವಿ ಅಂತ ಬರೆದು ಮಂಗಳೂರಿನ ಪಿನ್ ಹಾಕಿದ ಹಾಗೆ. ಆ ಲೈಬ್ರರಿಯನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಫಾರಂನಲ್ಲಿ ಏನಾದರೂ ತುಂಬಿದರೆ ಸಾಕು ಅನ್ನುವಾಗ ಅದು ಒಳ್ಳೆಯ ಸಾಮಾನು. ಆದರೆ ಪಿನ್ನಿಗೂ ಊರಿಗೂ ತಾಳೆ ನೋಡುವ ಪ್ರೋಗ್ರಾಂ ನಿಮ್ಮದಾಗಿದ್ದರೆ, ಅಂಥ ಅಡ್ರೆಸ್ ಬಾಗಿಲಲ್ಲೇ ವಾಪಸ್ ಬರುತ್ತದೆ. ಒಳಗಿನ ಕೋಣೆಗಳನ್ನು ನೀವು ಟೆಸ್ಟ್ ಮಾಡುವುದೇ ಇಲ್ಲ.

ಈಗ ಆ ಪಿನ್ ಕೋಡ್ ನೋಡೋಣ. ಐದಂಕಿ. ಯದ್ವಾತದ್ವಾ ಐದಂಕಿ ಹಾಕಿದರೆ ಒಂದು ಲಕ್ಷ ಸಾಧ್ಯತೆ. ಅದರಲ್ಲಿ ಮನೆ ಮನೆಗೆ ಕಾಗದ ಹಂಚುವ ಪ್ರದೇಶಗಳ ಪಿನ್ ಎಂಟು ಸಾವಿರದ ಚಿಲ್ಲರೆ ಅಷ್ಟೇ. ಉಳಿದವುಗಳಲ್ಲಿ ಒಂದಷ್ಟು ಪೋಸ್ಟ್ ಬಾಕ್ಸ್‌ಗಳಿಗೆ, ಒಂದಷ್ಟು ದಿನಾ ಮೂಟೆಗಟ್ಟಲೆ ಅಂಚೆ ಬರುವ ದೊಡ್ಡ ಸಂಸ್ಥೆಗಳಿಗೆ ಮೀಸಲು. ಮಿಕ್ಕಿದ್ದು ಖಾಲಿ. 05, 43, 62ರಿಂದ ಶುರುವಾಗುವ ಪಿನ್ ಅಂತೂ ಇಲ್ಲವೇ ಇಲ್ಲ. ಅಂದರೆ ಕಣ್ಣುಮುಚ್ಚಿ ಹಾಕಿದ ಪಿನ್ನಿನಲ್ಲಿ ಒಂದು ಮನೆ ಸಿಗುವ ಸಾಧ್ಯತೆ ಹತ್ತಕ್ಕೆ ಒಂದಕ್ಕಿಂತ ಕಡಿಮೆ.

ಈ ಐದಂಕಿಯ ಹಿಂದೆ ಒಂದು ಕಥೆ ಇದೆ. ಮುಂಚೆ ಅಲ್ಲಿ ನಾಲ್ಕೇ ಅಂಕಿ. ಪಶ್ಚಿಮ ಜರ್ಮನಿ ತನ್ನ ಪಾಡಿಗೆ ತಾನು ನಾಲ್ಕಂಕಿ ಕೊಟ್ಟುಕೊಂಡಿತ್ತು, ಪೂರ್ವ ಜರ್ಮನಿ ತನ್ನ ಪಾಡಿಗೆ. ನಡುವೆ ಗೋಡೆ ಇದ್ದ ಕಾಲ. 1990ರಲ್ಲಿ ಎರಡೂ ಒಂದಾದವು. ಆಗ ನೋಡಿದರೆ ಬಾನ್ ಪಟ್ಟಣದ ಪಿನ್ 5300, ವೈಮಾರ್ ಪಟ್ಟಣದ್ದೂ 5300. ಹೀಗೆ ಎಷ್ಟೋ ಜೋಡಿ. ತಾತ್ಕಾಲಿಕವಾಗಿ ಪಶ್ಚಿಮದ ಪಿನ್ನಿನ ಮುಂದೆ ಡಬ್ಲ್ಯು, ಪೂರ್ವದ್ದರ ಮುಂದೆ ಓ ಅಂತ ಅಕ್ಷರ ಅಂಟಿಸಿ ಮೂರು ವರ್ಷ ತಳ್ಳಿದರು. 1993ರ ಜುಲೈ 1ಕ್ಕೆ ಇಡೀ ದೇಶಕ್ಕೆ ಒಂದೇ ಏಟಿಗೆ ಹೊಸ ಐದಂಕಿ ಬಂತು. ಜನಕ್ಕೆ ಅಭ್ಯಾಸ ಮಾಡಿಸಲು ರೋಲ್ಫ್ ಅನ್ನುವ ಹಳದಿ ಕೈಯ ಬೊಂಬೆಯನ್ನು ಟೀವಿಗೆ ತಂದರು. ಐದು ಬೆರಳು, ಐದು ಅಂಕಿ.

ಟೆಸ್ಟರ್‌ಗೆ ಇದರಲ್ಲಿ ಬೇಕಾದ್ದು ಸೊನ್ನೆ. ಪೂರ್ವದ ಕೆಲವು ಊರುಗಳಿಗೆ 0ಯಿಂದ ಶುರುವಾಗುವ ಪಿನ್ ಸಿಕ್ಕಿತು. ಡ್ರೆಸ್ಡೆನ್ ನಡುಪಟ್ಟಣ 01067. ಲೈಪ್‌ಸಿಗ್ 04109. ಹಾಲೆ 06108. ನಮ್ಮ ಭಾರತದ ಪಿನ್ನಿನಲ್ಲಿ ಮೊದಲ ಅಂಕಿ ಸೊನ್ನೆ ಬರುವುದೇ ಇಲ್ಲ. ಹಾಗಾಗಿ ಪಿನ್ ಅಂದರೆ ಒಂದು ಸಂಖ್ಯೆ ಅಂತ ನಮ್ಮ ಕೈ ತಾನಾಗಿಯೇ ಬರೆದುಬಿಡುತ್ತದೆ. ಸಂಖ್ಯೆ ಅಂತ ಇಟ್ಟುಕೊಂಡ ಕೂಡಲೇ ಮುಂದಿನ ಸೊನ್ನೆ ಹೋಯಿತು. ಡೇಟಾಬೇಸ್‌ನಲ್ಲಿ ಸರಿಯಾಗಿಟ್ಟರೂ ಯಾರೋ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುತ್ತಾರೆ, ಅಲ್ಲಿಗೆ ಡ್ರೆಸ್ಡೆನ್ 1067 ಆಯಿತು. ನಾವು ಮಾಡಿದ್ದ ಸಾಫ್ಟ್‌ವೇರ್ ನಾಲ್ಕಂಕಿ ಕಂಡರೆ ಆಸ್ಟ್ರಿಯಾ ಅಂತ ತಿಳಿದುಕೊಳ್ಳುತ್ತಿತ್ತು. ಡ್ರೆಸ್ಡೆನ್ ಜನಕ್ಕೆಲ್ಲ ವಿದೇಶಿ ಅಂಚೆ ಖರ್ಚು ಹಾಕಿತು. ಪೂರ್ವದವರು ಅಂದರೆ ಪರದೇಶದವರು ಅಂತ ಕಂಪ್ಯೂಟರೇ ಹೇಳಿದ ಹಾಗಾಯಿತು. ಆ ಕ್ಲೈಂಟ್ ಕಡೆಯವರಿಗೆ ಅದು ಬರೀ ಬಗ್ ಆಗಿ ಕಾಣಲಿಲ್ಲ.

ಪಿನ್ ಸರಿ ಇದ್ದರೆ ರಾಜ್ಯ ಯಾವುದು ಅಂತ ಗೊತ್ತಾಗುತ್ತದೆ ಅಂತ ಕೆಲವರು ಕೋಡ್ ಬರೆಯುತ್ತಾರೆ. ಅದೂ ಪೂರ್ತಿ ನಂಬುವ ಹಾಗಿಲ್ಲ. 22145 ಹ್ಯಾಂಬರ್ಗ್ ಪಿನ್. ಆದರೆ ಪಕ್ಕದ ಷ್ಟಾಪೆಲ್‌ಫೆಲ್ಡ್ ಹಳ್ಳಿಗೂ ಅದೇ, ಆ ಹಳ್ಳಿ ಇರುವುದು ಬೇರೆ ರಾಜ್ಯದಲ್ಲಿ. ಇನ್ನೂ ತಮಾಷೆ ಬೇಕಾದರೆ ಬ್ಯೂಸಿಂಗೆನ್ ನೋಡಿ. ಜರ್ಮನಿಯ ಊರು, ಆದರೆ ಸುತ್ತ ನಾಲ್ಕೂ ಕಡೆ ಸ್ವಿಟ್ಜರ್ಲೆಂಡ್. ಅದಕ್ಕೆ ಎರಡು ಪಿನ್. ಜರ್ಮನ್ ಅಂಚೆಯಲ್ಲಿ 78266, ಸ್ವಿಸ್ ಅಂಚೆಯಲ್ಲಿ 8238. ಸುಂಕದ ಲೆಕ್ಕಕ್ಕೆ ಅದು ಸ್ವಿಸ್ ಕಡೆ ಸೇರಿದೆ. ಉತ್ತರ ಸಮುದ್ರದ ಹೆಲ್ಗೋಲಾಂಡ್ ದ್ವೀಪ, 27498, ಅದೂ ಜರ್ಮನಿಯೇ, ಆದರೆ ಯುರೋಪಿನ ತೆರಿಗೆ ವಲಯದ ಆಚೆ. ನಿಮ್ಮ ಬಿಲ್ಲಿಂಗ್ ಟೆಸ್ಟಿನಲ್ಲಿ ಈ ಎರಡು ಊರು ಇಲ್ಲದಿದ್ದರೆ ಇವತ್ತೇ ಸೇರಿಸಿ.

ಬೀದಿಯ ಹೆಸರಿಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದೇ.

ಬೀದಿಗೆ ಅವರು ಷ್ಟ್ರಾಸೆ ಅನ್ನುತ್ತಾರೆ. ಆ ದೇಶದ ಎಷ್ಟೋ ಊರುಗಳಲ್ಲಿ ಒಂದು ಹೌಪ್ಟ್‌ಷ್ಟ್ರಾಸೆ ಸಿಗುತ್ತದೆ. ಹೌಪ್ಟ್ ಅಂದರೆ ಮುಖ್ಯ, ಹಿರಿದು. ಹಿರಿದು ಮತ್ತು ದಾರಿ ಸೇರಿ ನಮ್ಮಲ್ಲಿ ಹೆದ್ದಾರಿ ಆಯಿತಲ್ಲ, ಅದೇ ಸಮಾಸ, ಒಂದೇ ಪದ. ಇದನ್ನು ನೋಡಿ ನಾನು ಪ್ರೋಗ್ರಾಂ ಬರೆದೆ: ಮುಂದಿನ ತುಂಡು ಒಂದು ಪಟ್ಟಿಯಿಂದ, ಹಿಂದಿನ ತುಂಡು ಇನ್ನೊಂದು ಪಟ್ಟಿಯಿಂದ, ಎರಡನ್ನೂ ಅಂಟಿಸು. ಶಾಲೆ ಬೀದಿ, ತೋಟದ ಬೀದಿ, ಸ್ಟೇಷನ್ ಬೀದಿ ಎಲ್ಲ ಸರಿಯಾಗಿ ಬಂದವು. ಬರ್ಲಿನ್ ಅಂತ ಬಂದಾಗ ಬರ್ಲಿನ್‌ಷ್ಟ್ರಾಸೆ ಆಯಿತು. ಮತ್ತೆ ಅದೇ ಸಹೋದ್ಯೋಗಿ, ಮತ್ತೆ ಅದೇ ನಗು. ಊರಿನ ಹೆಸರಾದರೆ ಬರ್ಲಿನರ್ ಷ್ಟ್ರಾಸೆ ಆಗಬೇಕು, ಕೊನೆಗೊಂದು 'ಅರ್' ಸೇರಬೇಕು, ನಡುವೆ ಜಾಗ ಬಿಡಬೇಕು. ದೊಡ್ಡವರ ಬರೀ ಮನೆತನದ ಹೆಸರಾದರೆ ಅಂಟಿಸಬೇಕು: ಗಯಟೆಷ್ಟ್ರಾಸೆ. ಪೂರ್ತಿ ಹೆಸರಾದರೆ ಎಲ್ಲದರ ನಡುವೆ ಅಡ್ಡಗೆರೆ: ವಿಲ್ಲಿ-ಬ್ರಾಂಟ್-ಷ್ಟ್ರಾಸೆ. ಆ ದೇಶದ ಚಾನ್ಸಲರ್ ಕಚೇರಿ ಇರುವುದು ಈ ಬೀದಿಯ ಒಂದನೇ ನಂಬರಿನಲ್ಲಿ, 10557 ಬರ್ಲಿನ್.

ಗುಣವಾಚಕ ಬಂದರೆ ಇನ್ನೊಂದು ಕಿರಿಕಿರಿ. ನಮಗೆ ಬೀದಿ, ದಾರಿ, ಓಣಿ ಎಲ್ಲ ನಪುಂಸಕ. ಉದ್ದನೆಯ ಅನ್ನುವ ಒಂದೇ ಪದ ಎಲ್ಲಕ್ಕೂ ನಡೆಯುತ್ತದೆ. ಅಲ್ಲಿ ಷ್ಟ್ರಾಸೆ ಹೆಣ್ಣು, ವೇಗ್ ಅಂದರೆ ದಾರಿ, ಅದು ಗಂಡು. ಲಾಂಗೆ ಷ್ಟ್ರಾಸೆ ಅನ್ನಬೇಕು, ಆದರೆ ಲಾಂಗರ್ ವೇಗ್. ತಪ್ಪಿದರೆ ಕಂಪ್ಯೂಟರ್ ಏನೂ ಹೇಳುವುದಿಲ್ಲ. ಡೆಮೊ ನೋಡಲು ಬಂದ ಜರ್ಮನ್ ಗಿರಾಕಿ ಮಾತ್ರ ಹುಬ್ಬು ಗಂಟಿಕ್ಕುತ್ತಾನೆ, ಆಮೇಲೆ ನೀವು ಏನು ತೋರಿಸಿದರೂ ಅವನ ಕಣ್ಣು ಅಲ್ಲೇ. ಟ್ವೀಟೆ ಅಂತ ಹ್ಯಾಂಬರ್ಗ್ ಕಡೆ ಸಣ್ಣ ಓಣಿಗೆ ಹೇಳುತ್ತಾರೆ. ಅದನ್ನು ಮ್ಯೂನಿಕ್‌ಗೆ ಹಾಕಿದರೂ ಹಾಗೆಯೇ.

ಇಷ್ಟೆಲ್ಲ ನಿಯಮ ಬರೆದು ಬೀದಿ ಹೆಸರು ಕಟ್ಟುವುದಕ್ಕಿಂತ, ನಿಜವಾದ ಹೆಸರುಗಳ ಪಟ್ಟಿಯನ್ನೇ ಇಟ್ಟುಕೊಳ್ಳುವುದು ಲೇಸು ಅಂತ ಎರಡು ತಿಂಗಳಾದ ಮೇಲೆ ನನಗೆ ಹೊಳೆಯಿತು. ಸ್ವಲ್ಪ ತಡವಾಗಿಯೇ ಹೊಳೆಯಿತು ಅನ್ನಿ. ಬೀದಿ ಹೆಸರು ಯಾರ ಗುಟ್ಟೂ ಅಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಲ್ಲ ಸಿಗುತ್ತವೆ. ಲೈಸೆನ್ಸ್ ಓದಿಕೊಂಡು, ಎಲ್ಲಿಂದ ತಂದದ್ದು ಅಂತ ಹೇಳಿದರಾಯಿತು. ಪಿನ್ನಿಗೆ ಊರು ಜೋಡಿಸಿದ ಪಟ್ಟಿ ಜಿಯೋನೇಮ್ಸ್‌ನಲ್ಲಿದೆ.

ಮನೆ ನಂಬರ್ ಬೀದಿಯ ಹೆಸರಿನ ನಂತರ ಬರುತ್ತದೆ. ಅಷ್ಟೇ ನಿಯಮ ಅಂದುಕೊಂಡು ನಮ್ಮ ಹುಡುಗರು ಒಂದು ಕೋಡ್ ಬರೆದಿದ್ದರು: ಸಾಲಿನಲ್ಲಿ ಮೊದಲ ಅಂಕಿ ಎಲ್ಲಿ ಸಿಗುತ್ತದೋ ಅಲ್ಲಿ ಕತ್ತರಿಸು, ಎಡಕ್ಕೆ ಬೀದಿ, ಬಲಕ್ಕೆ ನಂಬರ್. ಬರ್ಲಿನ್‌ನಲ್ಲಿ ಜೂನ್ 17ರ ಬೀದಿ ಅಂತ ಒಂದಿದೆ. 1953ರ ಜೂನ್ 17ರಂದು ಪೂರ್ವ ಜರ್ಮನಿಯಲ್ಲಿ ಕೆಲಸಗಾರರು ದಂಗೆ ಎದ್ದ ನೆನಪಿಗೆ ಇಟ್ಟ ಹೆಸರು. ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಅಡ್ರೆಸ್ ಅದೇ ಬೀದಿಯ 135. ಜರ್ಮನ್‌ನಲ್ಲಿ ಬರೆಯುವ ಕ್ರಮದಲ್ಲೇ ಹೇಳಿದರೆ, ಷ್ಟ್ರಾಸೆ ಡೆಸ್ 17. ಯೂನಿ 135. ನಮ್ಮ ಕೋಡ್ ಇದನ್ನು ತೆಗೆದುಕೊಂಡು ಬೀದಿಯ ಹೆಸರು 'ಬೀದಿ', ಮನೆ ನಂಬರ್ '17. ಜೂನ್ 135' ಅಂತ ಮಾಡಿಟ್ಟಿತು. ಸರಿ, ಮೊದಲ ಅಂಕಿ ಬೇಡ, ಕೊನೆಯ ಅಂಕಿ ಹಿಡಿ ಅಂತ ತಿದ್ದಿದೆವು. ಆಗ ಮಾನ್‌ಹೈಮ್ ಎದುರಾಯಿತು.

ಮಾನ್‌ಹೈಮ್‌ನ ಹಳೆ ಪಟ್ಟಣದಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಚೌಕಾಬಾರದ ಮನೆಯ ಹಾಗೆ ಊರನ್ನು ಚೌಕ ಚೌಕ ಕತ್ತರಿಸಿ, ಒಂದೊಂದು ಚೌಕಕ್ಕೆ ಒಂದು ಅಕ್ಷರ, ಒಂದು ಅಂಕಿ ಕೊಟ್ಟಿದ್ದಾರೆ. ಅಡ್ರೆಸ್ ಅಂದರೆ ಕ್ಯು 7, ಕಾಮಾ, 24. ಅಷ್ಟೇ. ಕ್ಯು 7 ಅನ್ನುವುದು ಚೌಕ, 24 ಅದರ ಸುತ್ತ ಎಣಿಸಿದ ಮನೆ ನಂಬರ್. ಬೀದಿಯ ಹೆಸರು ಕನಿಷ್ಠ ಮೂರು ಅಕ್ಷರ ಇರಬೇಕು ಅಂತ ಫಾರಂನಲ್ಲಿ ನಿಯಮ ಇದ್ದರೆ ಇಡೀ ಹಳೆ ಪಟ್ಟಣಕ್ಕೆ ನಿಮ್ಮ ಅಂಗಡಿ ಬಾಗಿಲು ಹಾಕಿದ ಹಾಗೆ. ಮೂರು ಅಕ್ಷರದ ನಿಯಮವನ್ನು ಊರಿಗೂ ಹಾಕಬೇಡಿ. ಫ್ರೈಬುರ್ಗ್ ಹತ್ತಿರ ಔ ಅಂತ ಒಂದು ಊರಿದೆ. ಅವರ ಲಿಪಿಯಲ್ಲಿ ಎರಡು ಅಕ್ಷರ, ನಮ್ಮಲ್ಲಿ ಒಂದೇ!

ನಂಬರ್ ಬರೀ ನಂಬರ್ ಆಗಿ ಇರುವುದೂ ಕಡಿಮೆ. 12 ಎ ಇರುತ್ತದೆ, 12ರಿಂದ 14ರವರೆಗೆ ಅಂತ ಇರುತ್ತದೆ, ಬವೇರಿಯಾದ ಹಳೆ ಬೀದಿಗಳಲ್ಲಿ 7½ ಕೂಡ ಇರುತ್ತದೆ. ಎಲ್ಲ ಬೀದಿಯೂ 1ರಿಂದ ಶುರುವಾಗಬೇಕು ಅಂತಲೂ ಇಲ್ಲ. ಬರ್ಲಿನ್‌ನ ಹೆಸರುವಾಸಿ ಕುರ್‌ಫ್ಯುರ್ಸ್ಟೆನ್‌ಡಾಮ್ ಶುರುವಾಗುವುದು 11ನೇ ನಂಬರಿನಿಂದ. ಮೊದಲ ಹತ್ತು ಮನೆಗಳಿದ್ದ ತುಂಡಿಗೆ ಬೇರೆ ಬೀದಿಯ ಹೆಸರಿಟ್ಟುಬಿಟ್ಟರು.

ಊರಿನ ಹೆಸರಿನಲ್ಲಿ ಏನೇನು ಇರಬಹುದು ಅನ್ನುವುದು ಇನ್ನೊಂದು ಗೋಳು, ಬೇಗ ಹೇಳಿ ಮುಗಿಸುತ್ತೇನೆ. ಹಾಲೆ ಅಂತ ಒಂದಕ್ಕಿಂತ ಹೆಚ್ಚು ಊರಿವೆ, ಅದಕ್ಕೆ ನದಿಯ ಹೆಸರನ್ನು ಬ್ರಾಕೆಟ್‌ನಲ್ಲಿ ಹಾಕಿ ಹಾಲೆ (ಸಾಲೆ) ಅನ್ನುತ್ತಾರೆ. ಫ್ರಾಂಕ್‌ಫರ್ಟ್ ಎರಡು, ಒಂದು ಮೈನ್ ನದಿಯ ಮೇಲೆ, ಇನ್ನೊಂದು ಓಡರ್ ನದಿಯ ಮೇಲೆ ಪೋಲೆಂಡ್ ಗಡಿಯಲ್ಲಿ. ಗಾರ್ಮಿಶ್-ಪಾರ್ಟನ್‌ಕಿರ್ಶೆನ್ ನಡುವೆ ಅಡ್ಡಗೆರೆ. ಸೇಂಟ್ ಅನ್ನುವುದನ್ನು ಚುಕ್ಕಿ ಹಾಕಿ ಚಿಕ್ಕದು ಮಾಡಿದ ಊರುಗಳು ಬೇರೆ. ಅಕ್ಷರ ಬಿಟ್ಟು ಬೇರೇನೂ ಬರಬಾರದು ಅಂತ ಫಾರಂಗೆ ಹೇಳಿದವರು ಈ ಊರುಗಳಿಗೆ ಒಂದು ಸಲ ಹೋಗಿಬರಬೇಕು.

ಬರ್ಲಿನ್‌ನಲ್ಲಂತೂ ಒಂದೇ ಪಟ್ಟಣದೊಳಗೆ ಒಂದೇ ಹೆಸರಿನ ಬೀದಿ ಎಷ್ಟೋ ಸಲ ಬರುತ್ತದೆ. 1920ರಲ್ಲಿ ಸುತ್ತಲಿನ ಪಟ್ಟಣ, ಹಳ್ಳಿಗಳನ್ನೆಲ್ಲ ಸೇರಿಸಿ ದೊಡ್ಡ ಬರ್ಲಿನ್ ಮಾಡಿದರು. ಅವುಗಳಲ್ಲಿ ಎಷ್ಟೋ ತಮ್ಮ ಹೌಪ್ಟ್‌ಷ್ಟ್ರಾಸೆ ಕಟ್ಟಿಕೊಂಡೇ ಬಂದವು. ಅಲ್ಲಿ ಪಿನ್ ತಪ್ಪಿದರೆ ಪಾರ್ಸೆಲ್ ಊರ ಈ ತುದಿ ಬಿಟ್ಟು ಆ ತುದಿಗೆ ಹೋಗುತ್ತದೆ.

ಈಗ ಅಕ್ಷರ. ಷ್ಟ್ರಾಸೆಯಲ್ಲಿ ಒಂದು ಅಕ್ಷರ ಬರುತ್ತದೆ, ಅದರ ಹೆಸರು ಎಸ್ಸೆಟ್. ನೋಡಲು ಇಂಗ್ಲಿಷಿನ ದೊಡ್ಡ ಬಿ ಥರ, ಸದ್ದು ಮಾತ್ರ ಸ. ಲೇಬಲ್ ಪ್ರಿಂಟರ್‌ಗಳು ಅಡ್ರೆಸ್ಸನ್ನು ದೊಡ್ಡಕ್ಷರಕ್ಕೆ ತಿರುಗಿಸುತ್ತವಲ್ಲ, ಆಗ ಈ ಒಂದು ಅಕ್ಷರ ಎರಡು ಎಸ್ ಆಗುತ್ತದೆ. ಹೆಸರು ಒಂದಕ್ಷರ ಉದ್ದವಾಯಿತು. ಮತ್ತೆ ಸಣ್ಣಕ್ಷರಕ್ಕೆ ತಿರುಗಿಸಿದರೆ ಹಳೆಯದು ವಾಪಸ್ ಬರುವುದಿಲ್ಲ, ಎರಡು ಎಸ್ ಹಾಗೇ ಉಳಿಯುತ್ತವೆ. ಇದಕ್ಕೊಂದು ದೊಡ್ಡಕ್ಷರವೂ ಇರಲಿ ಅಂತ 2017ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡರು. ಆದರೂ ಹೆಚ್ಚಿನ ಪ್ರೋಗ್ರಾಂಗಳು ಇನ್ನೂ ಎರಡು ಎಸ್ಸನ್ನೇ ಕೊಡುತ್ತವೆ. ಸ್ವಿಟ್ಜರ್ಲೆಂಡ್‌ನವರು ಎಸ್ಸೆಟ್ ಬಳಸುವುದೇ ಇಲ್ಲ. ಅಲ್ಲಿಂದ ಯಾರಾದರೂ ಎರಡು ಎಸ್ ಹಾಕಿ ಹುಡುಕಿದರೂ ನಿಮ್ಮ ಪ್ರೋಗ್ರಾಂ ಆ ಬೀದಿ ಹುಡುಕಿಕೊಡಬೇಕು.

ಉದ್ದದ ವಿಷಯ ಬಂತಲ್ಲ. ಬವೇರಿಯಾದ ಡಿಂಗೋಲ್ಫಿಂಗ್ ಊರಿನಲ್ಲಿ ಒಂದು ಬೀದಿ ಇದೆ: ಬಿಶೋಫ್ಲಿಶ್-ಗೈಸ್ಟ್‌ಲಿಶರ್-ರಾಟ್-ಯೋಸೆಫ್-ತ್ಸಿನ್‌ಬಾವರ್-ಷ್ಟ್ರಾಸೆ. ಅಡ್ಡಗೆರೆ ಸೇರಿಸಿ ಸರಿಯಾಗಿ 50 ಅಕ್ಷರ. ನಾನೇ ಬೆರಳು ಮಡಚಿ ಎಣಿಸಿದ್ದೇನೆ. ನಮ್ಮ ಟೇಬಲ್‌ನಲ್ಲಿ ಬೀದಿಗೆ ಕೊಟ್ಟದ್ದು 50. ಬಚಾವಾದೆವು ಅಂದುಕೊಂಡೆವು. ಇಲ್ಲ. ಆ ಡೇಟಾಬೇಸ್ 50 ಅಂದರೆ 50 ಬೈಟ್ ಅಂತ ಲೆಕ್ಕ ಹಾಕುತ್ತಿತ್ತು. ಬೈಟ್ ಅಂದರೆ ಕಂಪ್ಯೂಟರಿನೊಳಗಿನ ಜಾಗದ ಅಳತೆ, ಸಾದಾ ಅಕ್ಷರಕ್ಕೆ ಒಂದು. ಎಸ್ಸೆಟ್‌ಗೆ ಎರಡು ಬೈಟ್, ತಲೆ ಮೇಲೆ ಎರಡು ಚುಕ್ಕಿ ಇಟ್ಟುಕೊಂಡ ಓ ಅಕ್ಷರಕ್ಕೆ ಎರಡು ಬೈಟ್. ಒಟ್ಟು 52. ಬೀದಿಯ ಬಾಲ ಕತ್ತರಿಸಿ ಹೋಯಿತು. ಯಾವುದೋ ಕಾಲದ ಪಾದ್ರಿಯೊಬ್ಬರ ನೆನಪಿಗೆ ಇಟ್ಟ ಹೆಸರು ನಮ್ಮ ರಿಲೀಸನ್ನು ಎರಡು ದಿನ ಮುಂದೆ ಹಾಕಿತು.

ಆ ಎರಡು ಚುಕ್ಕಿಯ ಕಷ್ಟ ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಚುಕ್ಕಿ ಇರುವ ಯು ಅಕ್ಷರವನ್ನು, ಎಲ್ಲ ಭಾಷೆಯ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಒಂದೇ ಅಕ್ಷರವಾಗಿಯೂ ಬರೆಯಬಹುದು, ಬರೀ ಯು ಬರೆದು ಮೇಲೆ ಚುಕ್ಕಿಯನ್ನು ಬೇರೆ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ನಮ್ಮ 'ಕೊ' ನೋಡಿ. ಕಕ್ಕೆ ಒತ್ವವನ್ನು ಒಂದೇ ಸಲ ಕೊಡಬಹುದು, ಇಲ್ಲವೇ ಎತ್ವ ಕೊಟ್ಟು ಅದರ ಮೇಲೆ ಊತ್ವವನ್ನೂ ಕೊಡಬಹುದು. ಎರಡೂ ಯೂನಿಕೋಡ್ ಪ್ರಕಾರ ಸಮಾನ, ಆದರೆ ಒಳಗಿನ ಸಂಕೇತ ಬೇರೆ. ಸರ್ಚ್ ಮಾಡಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ನಿಮ್ಮ ಟೆಸ್ಟ್ ಪಟ್ಟಿಯಲ್ಲಿ ಮ್ಯೂನಿಕ್‌ನ ಜರ್ಮನ್ ಹೆಸರನ್ನು ಎರಡೂ ಥರ ಬರೆದಿಟ್ಟು ನೋಡಿ. ಒಂದೇ ಊರು ಪಟ್ಟಿಯಲ್ಲಿ ಎರಡು ಸಲ ಬಂದರೆ ಆಶ್ಚರ್ಯ ಪಡಬೇಡಿ.

ಇನ್ನು ಹೆಸರು. ನಮ್ಮಲ್ಲಿ ಅಪಾರ್ಟ್‌ಮೆಂಟ್ ಅಂದರೆ ಫ್ಲಾಟ್ ನಂಬರ್ ಇಲ್ಲದೆ ಯಾವುದೂ ನಡೆಯುವುದಿಲ್ಲ. ಅಲ್ಲಿ ಹೆಚ್ಚಿನ ಕಟ್ಟಡಗಳಲ್ಲಿ ಫ್ಲಾಟ್ ನಂಬರೇ ಬರೆಯುವುದಿಲ್ಲ. ಕೆಳಗೆ ಅಂಚೆ ಪೆಟ್ಟಿಗೆಗಳ ಸಾಲು, ಒಂದೊಂದರ ಮೇಲೂ ಮನೆತನದ ಹೆಸರು. ಅಂಚೆಯವರು ಹೆಸರು ನೋಡಿ ಹಾಕುತ್ತಾರೆ. ಅಂದರೆ ಹೆಸರೂ ಅಡ್ರೆಸ್ಸಿನ ಭಾಗವೇ. ನನ್ನ ಗೆಳೆಯನೊಬ್ಬ ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಹೋಗಿ ಒಬ್ಬರ ಮನೆಯಲ್ಲಿ ಒಂದು ರೂಮು ಹಿಡಿದ. ಪೆಟ್ಟಿಗೆಯ ಮೇಲೆ ಮನೆಯವರ ಹೆಸರು ಮಾತ್ರ ಇತ್ತು. ಬ್ಯಾಂಕ್ ಕಾರ್ಡ್ ಎರಡು ಸಲ ವಾಪಸ್ ಹೋಯಿತು. ಫೋನಿನಲ್ಲಿ ನನಗೆ ಹೇಳಿಕೊಂಡು ಗೋಳಾಡಿದ. "ಅಲ್ಲ ಮಾರಾಯ, ಮನೆ ನಂಬರ್ ಸರಿ ಇದೆ, ಬೀದಿ ಸರಿ ಇದೆ, ಇನ್ನೇನು ಬೇಕು ಇವರಿಗೆ?" ಬೇಕಾಗಿದ್ದು ಕೇರ್ ಆಫ್ ಅಂತ ಒಂದು ಸಾಲು. ಇಲ್ಲವೇ ಒಂದು ಚೀಟಿ, ಸ್ವಲ್ಪ ಟೇಪು. ನಾನು ಆವತ್ತೇ ನನ್ನ ಪಟ್ಟಿಗೆ ಕೇರ್ ಆಫ್ ಇರುವ ಐವತ್ತು ಅಡ್ರೆಸ್ ಸೇರಿಸಿದೆ.

ಬೀದಿಯೇ ಇಲ್ಲದ ಅಡ್ರೆಸ್‌ಗಳನ್ನೂ ಮರೆಯಬೇಡಿ. ಪೋಸ್ಟ್ ಬಾಕ್ಸ್ ಇದೆ. ಪಾಕ್‌ಸ್ಟೇಷನ್ ಅಂತ ಹಳದಿ ಲಾಕರ್‌ಗಳಿವೆ. ಅಲ್ಲಿ ಬೀದಿಯ ಜಾಗದಲ್ಲಿ ಲಾಕರ್ ನಂಬರ್, ಅದರ ಮೇಲೆ ಗಿರಾಕಿಯ ಸ್ವಂತ ಅಂಚೆ ನಂಬರ್. ಬೀದಿಯನ್ನು ಕಡ್ಡಾಯ ಮಾಡಿದ ಫಾರಂಗಳಲ್ಲಿ ಜನ ಇದನ್ನೆಲ್ಲ ಹೇಗೋ ತುರುಕುತ್ತಾರೆ.

ಈಗ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ಮೊದಲು ಪಿನ್ ಆರಿಸಿಕೊಳ್ಳುವುದು, ಹಂಚುವ ಪ್ರದೇಶದ ಪಟ್ಟಿಯಿಂದ. ಊರು ಆ ಪಿನ್ನಿನಿಂದಲೇ ಬರಬೇಕು. ಬೀದಿ ಆ ಪಿನ್ನಿನೊಳಗಿನದ್ದೇ ಆಗಬೇಕು. ಹೆಸರು ಬೇರೆ ಪಟ್ಟಿಯಿಂದ, ಯಾರದ್ದೂ ಪೂರ್ತಿ ಹೆಸರಾಗದ ಹಾಗೆ ಬೆರೆಸಿ. ಬಿಡಿಬಿಡಿಯಾಗಿ ಆರಿಸಿ ಕೊನೆಗೆ ಜೋಡಿಸುವುದಲ್ಲ, ಒಂದರ ಕೈ ಹಿಡಿದು ಇನ್ನೊಂದು ಬರಬೇಕು. ಮನೆ ನಂಬರ್ ಮಾತ್ರ ಬೇಕೆಂದೇ ಸುಳ್ಳು. ಆ ಬೀದಿಯಲ್ಲಿ ಕೊನೆಯ ನಂಬರ್ 38 ಇದ್ದರೆ ನಾನು 90ರ ಆಚೆ ಹಾಕುತ್ತೇನೆ. ಕಾಗದ ಹೊರಟರೂ ನಿಲ್ಲಲು ಮನೆ ಇರುವುದಿಲ್ಲ. ಆ 41 ಲಕೋಟೆ ಕಲಿಸಿದ ಪಾಠ ಇಷ್ಟೇ.

ಇನ್ನೊಂದು ಸಣ್ಣ ಮಾತು. ರ‍್ಯಾಂಡಮ್ ಅಂತ ಬಿಡುವಾಗ ಸೀಡ್ ಒಂದನ್ನು, ಅಂದರೆ ಆ ಆಯ್ಕೆ ಶುರುವಾಗುವ ಸಂಖ್ಯೆಯನ್ನು, ಹಿಡಿದಿಟ್ಟುಕೊಳ್ಳಿ. ನಿನ್ನೆ ರಾತ್ರಿ ಯಾವುದೋ ಅಡ್ರೆಸ್‌ಗೆ ಪ್ರೋಗ್ರಾಂ ಬಿತ್ತು, ಬೆಳಗ್ಗೆ ಅದೇ ಅಡ್ರೆಸ್ ಮತ್ತೆ ಹುಟ್ಟಿಸಲು ಬರಲಿಲ್ಲ ಅಂದರೆ ಆ ಬಗ್ ದೆವ್ವ ಕಂಡ ಹಾಗೆ. ಕಂಡವನು ಹೇಳುತ್ತಾನೆ, ಯಾರೂ ನಂಬುವುದಿಲ್ಲ.

ಪಟ್ಟಿಯನ್ನು ನಾನು ಎರಡು ಚೀಲ ಮಾಡಿದ್ದೇನೆ. ಒಂದರಲ್ಲಿ ಸಾಧು ಅಡ್ರೆಸ್‌ಗಳು, ಜನಸಂಖ್ಯೆಗೆ ತಕ್ಕ ಹಾಗೆ ದೊಡ್ಡ ಊರಿಗೆ ಜಾಸ್ತಿ, ಸಣ್ಣ ಊರಿಗೆ ಕಡಿಮೆ. ಇನ್ನೊಂದರಲ್ಲಿ ತಂಟೆಕೋರರು. ಇವತ್ತು ಹೇಳಿದ್ದೆಲ್ಲ ಎರಡನೇ ಚೀಲದವರ ಕಥೆ. ಜನಸಂಖ್ಯೆ ಲೆಕ್ಕದಲ್ಲಿ ಬಿಟ್ಟರೆ ಬ್ಯೂಸಿಂಗೆನ್ ನಿಮ್ಮ ಟೆಸ್ಟಿಗೆ ವರ್ಷಕ್ಕೊಂದು ಸಲವೂ ಬರುವುದಿಲ್ಲ. ಅದಕ್ಕೇ ಅವರಿಗೆ ಬೇರೆ ಚೀಲ.

ಪ್ರಶ್ನೆಗಳು ಬಂದವು. ಮೊದಲನೆಯದು ಹಿಂದಿನ ಸಾಲಿನಿಂದ: "ಸರ್, ಫೋನ್ ನಂಬರಿಗೆ ಸಿನಿಮಾದವರು ಬಳಸುವ ಸುಳ್ಳು ನಂಬರ್ ಇರುತ್ತದಲ್ಲ, ಅಡ್ರೆಸ್‌ಗೆ ಹಾಗೇನಾದರೂ ಇದೆಯಾ?" ಒಳ್ಳೆಯ ಪ್ರಶ್ನೆ. ಫೋನಿಗೆ ಜರ್ಮನಿಯಲ್ಲಿ ಇದೆ, ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆಯೇ ನಾಟಕ, ಸಿನಿಮಾಕ್ಕೆ ಅಂತ ಒಂದಷ್ಟು ನಂಬರ್ ಬಿಟ್ಟುಕೊಟ್ಟಿದೆ. ಇಮೇಲ್‌ಗೆ ಎಕ್ಸಾಂಪಲ್ ಡಾಟ್ ಕಾಮ್ 1999ರಿಂದ ಮೀಸಲಿದೆ. ಅಡ್ರೆಸ್‌ಗೆ ಅಂಥ ಮೀಸಲು ಬೀದಿ ಯಾರೂ ಇಟ್ಟಿಲ್ಲ. ಜರ್ಮನ್ನರು ನಮೂನೆ ಫಾರಂಗಳಲ್ಲಿ ಮಾಕ್ಸ್ ಮುಸ್ಟರ್‌ಮಾನ್, ಮುಸ್ಟರ್‌ಷ್ಟ್ರಾಸೆ 1, 12345 ಮುಸ್ಟರ್‌ಷ್ಟಾಟ್ ಅಂತ ಬರೆಯುತ್ತಾರೆ. ಮುಸ್ಟರ್ ಅಂದರೆ ಮಾದರಿ. ಮಾದರಿಪ್ಪ, ಮಾದರಿ ಬೀದಿ, ಮಾದರಿಪುರ ಅಂದ ಹಾಗೆ. ನೋಡಿದವರಿಗೆ ಸುಳ್ಳು ಅಂತ ಕೂಡಲೇ ಗೊತ್ತಾಗುತ್ತದೆ, ಅದು ಒಳ್ಳೆಯದೇ. ತಾಳೆ ನೋಡುವ ಪ್ರೋಗ್ರಾಂಗೂ ಗೊತ್ತಾಗುತ್ತದೆ, ಅದು ನಮಗೆ ಬೇಡ.

ಎರಡನೆಯದನ್ನು ಕೇಳಿದ್ದು ಈಗ ತಾನೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ. "ನಿಮ್ಮ ತಂಟೆಕೋರರ ಚೀಲದಲ್ಲಿ ಮೊದಲನೇ ಸಾಲು ಯಾವುದು?"

ಒಂದು ಮರ.

ಉತ್ತರ ಜರ್ಮನಿಯ ಓಯ್ಟೀನ್ ಊರಿನ ಹತ್ತಿರ ಡೋಡಾವ್ ಕಾಡಿನಲ್ಲಿ ಒಂದು ಹಳೆಯ ಓಕ್ ಮರ ಇದೆ. ಹೆಸರು ಬ್ರಾಯ್ಟಿಗಾಮ್ಸ್‌ಐಷೆ, ಅಂದರೆ ಮದುವೆ ಗಂಡಿನ ಓಕ್. ಕಾಡು ಕಾಯುವವರ ಮಗಳೊಬ್ಬಳು ಲೈಪ್‌ಸಿಗ್‌ನ ಚಾಕೊಲೇಟ್ ಮಾಡುವವನನ್ನು ಪ್ರೀತಿಸಿದಳಂತೆ. ಅಪ್ಪ ಒಪ್ಪಲಿಲ್ಲ. ಇಬ್ಬರೂ ಮರದ ಪೊಟರೆಯಲ್ಲಿ ಕಾಗದ ಇಟ್ಟುಕೊಂಡು ಮಾತಾಡಿಕೊಂಡರು. ಕೊನೆಗೆ ಅಪ್ಪ ಮೆತ್ತಗಾಗಿ 1891ರಲ್ಲಿ ಅದೇ ಮರದ ಕೆಳಗೆ ಮದುವೆ ಆಯಿತು. ಸುದ್ದಿ ಹರಡಿ, ಜೊತೆ ಹುಡುಕುವವರೆಲ್ಲ ಆ ಮರಕ್ಕೆ ಕಾಗದ ಬರೆಯಲು ಶುರು ಮಾಡಿದರು. 1927ರಲ್ಲಿ ಅಂಚೆ ಇಲಾಖೆ ಆ ಮರಕ್ಕೇ ಒಂದು ಅಡ್ರೆಸ್ ಕೊಟ್ಟಿತು. ಪೊಟರೆ ಎತ್ತರದಲ್ಲಿದೆ, ಹತ್ತಲು ಏಣಿ ಇಟ್ಟಿದ್ದಾರೆ. ಯಾರು ಬೇಕಾದರೂ ಹತ್ತಿ, ಯಾವ ಕಾಗದ ಬೇಕಾದರೂ ತೆಗೆದು ಓದಿ, ಇಷ್ಟವಾದರೆ ಉತ್ತರ ಬರೆಯಬಹುದು.

ಅಡ್ರೆಸ್ ಹೀಗಿದೆ: ಬ್ರಾಯ್ಟಿಗಾಮ್ಸ್‌ಐಷೆ, ಡೋಡಾವರ್ ಫೋರ್ಸ್ಟ್, 23701 ಓಯ್ಟೀನ್. ಮನೆ ನಂಬರ್ ಇಲ್ಲ, ಮನೆತನದ ಹೆಸರಿಲ್ಲ. ನಮ್ಮ ಫಾರಂನಲ್ಲಿ ಇದನ್ನು ಮೊದಲ ಸಲ ತುಂಬಿದಾಗ ಕೆಂಪಗೆ ಒಂದು ಸಾಲು ಬಂತು: ದಯವಿಟ್ಟು ಸರಿಯಾದ ಅಡ್ರೆಸ್ ಕೊಡಿ.